ಯುರೇನಿಯಂ, ಪ್ಲುಟೋನಿಯಂ ಅಯಾನುಗಳು ದ್ರಾವಣದಲ್ಲಿ ಸಾವಯವ ಲಿಗ್ಯಾಂಡ್‌ಗಳಿಗೆ (ಲೋಹಕ್ಕೆ ಎಲೆಕ್ಟ್ರಾನ್ ಜೋಡಿ ದಾನ ಮಾಡಿ ಬಂಧ ಕಟ್ಟುವ ಅಣುಗಳಿಗೆ) ಹೇಗೆ ಅಂಟಿಕೊಳ್ಳುತ್ತವೆ?
ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ವಿಕಿರಣದ ಪಾತ್ರವೇನೂ ಇಲ್ಲ. ಅದು ನ್ಯೂಕ್ಲಿಯಸ್ಸಿನ ಕೆಲಸ, ಬಂಧ ಎಲೆಕ್ಟ್ರಾನುಗಳದ್ದು.

ನೀರಿನಲ್ಲಿ ಆಕ್ಟಿನೈಡ್ (ಯುರೇನಿಯಂ, ಪ್ಲುಟೋನಿಯಂ ಸೇರಿರುವ ಲೋಹಗಳ ಗುಂಪು) ಅಯಾನನ್ನು ನೀರಿನ ಅಣುಗಳು ಮುತ್ತಿಕೊಂಡಿರುತ್ತವೆ. ಲಿಗ್ಯಾಂಡ್ ಅವನ್ನು ತಳ್ಳಿ ಆ ಜಾಗ ಹಿಡಿಯುತ್ತದೆ. ಈ ಅಯಾನುಗಳು ರಸಾಯನಶಾಸ್ತ್ರದ ಲೆಕ್ಕದಲ್ಲಿ 'ಗಡಸು' ಆಮ್ಲಗಳು, ಅಂದರೆ ಆವೇಶ ಹೆಚ್ಚು, ಎಲೆಕ್ಟ್ರಾನ್ ಮೋಡ ಸುಲಭಕ್ಕೆ ಆಕಾರ ಬದಲಿಸದು. ಹಾಗಾಗಿ ಕಾರ್ಬಾಕ್ಸಿಲೇಟ್, ಫಾಸ್ಫೇಟ್‌ನಂಥ ಆಕ್ಸಿಜನ್ ದಾನಿಗಳತ್ತ ಒಲವು ಹೆಚ್ಚು. ಆಕರ್ಷಣೆ ಬಹುಪಾಲು ವಿದ್ಯುದಾವೇಶದ್ದೇ. +4 ಪ್ಲುಟೋನಿಯಂ ಬಿಗಿಯಾಗಿ ಹಿಡಿಯುತ್ತದೆ, +3 ಅಮೆರಿಸಿಯಂ ಅಷ್ಟಿಲ್ಲ.

ನನಗೆ ಸ್ವಾರಸ್ಯ ಅನಿಸುವುದು ಯುರೇನೈಲ್. ಎರಡು ಆಕ್ಸಿಜನ್‌ಗಳ ನಡುವೆ ಯುರೇನಿಯಂ, ಮೂರೂ ಒಂದೇ ನೇರ ಗೆರೆಯಲ್ಲಿ. ಎರಡೂ ತುದಿ ಮುಚ್ಚಿರುವುದರಿಂದ ಲಿಗ್ಯಾಂಡ್‌ಗಳಿಗೆ ಉಳಿಯುವುದು ಸೊಂಟದ ಸುತ್ತಲಿನ 4ರಿಂದ 6 ಜಾಗ ಮಾತ್ರ. ಒಟ್ಟು ಆವೇಶ +2 ಆದರೂ ಯುರೇನಿಯಂ ಮೇಲೆ ಸುಮಾರು +3.3ರಷ್ಟು ಆವೇಶ ಇರುವಂತೆ ವರ್ತಿಸುತ್ತದೆ.

ಒಂದೇ ಅಣುವಿನಲ್ಲಿ ಹಲವು ದಾನಿಗಳಿದ್ದರೆ ಹಿಡಿತ ಇನ್ನೂ ಭದ್ರ. ಡಿಟಿಪಿಎ ಎಂಬ ಲಿಗ್ಯಾಂಡ್‌ನಲ್ಲಿ 3 ನೈಟ್ರೋಜನ್, 5 ಕಾರ್ಬಾಕ್ಸಿಲೇಟ್ ಇವೆ. ದೇಹ ಸೇರಿದ ಪ್ಲುಟೋನಿಯಂ ಅನ್ನು ಮೂತ್ರದ ಮೂಲಕ ಹೊರಹಾಕಲು ಇದನ್ನೇ ಕೊಡುವುದು.

ಪಿಎಚ್ ಮರೆಯಬೇಡಿ. ಆಮ್ಲ ಜಾಸ್ತಿಯಾದರೆ ಪ್ರೋಟಾನ್‌ಗಳು ಲಿಗ್ಯಾಂಡನ್ನು ಆಕ್ರಮಿಸುತ್ತವೆ; ಕಡಿಮೆಯಾದರೆ ಹೈಡ್ರಾಕ್ಸೈಡ್ ಲೋಹವನ್ನೇ ಕಸಿದುಕೊಳ್ಳುತ್ತದೆ.