ಅಂಗುಳದ ಪ್ಲೇಟ್ ಹಾಕಿದ ಮೇಲೆ ‘ಅಮ್ಮ’ ಹೋಗಿ ‘ಅಬ್ಬ’ ಆಗಿದೆ!

ಪ್ರಶ್ನೆ: ತಂದೆಗೆ ಕ್ಯಾನ್ಸರ್‌ನಿಂದಾಗಿ ಮೆದು ಅಂಗುಳದ (ಅಂಗುಳದ ಹಿಂದಿನ ಮೆತ್ತನೆಯ ಭಾಗ) ಬಹುಭಾಗ ತೆಗೆದಿದ್ದಾರೆ, ರೇಡಿಯೇಶನ್ನೂ ಆಗಿದೆ. ಕಾಫಿ ಮೂಗಿನಿಂದ ಬರುತ್ತಿತ್ತು. ಹಿಂದೆ ಉಂಡೆಯಿರುವ ಪ್ಲೇಟ್ ಹಾಕಿದ ಮೇಲೆ ಅದು ನಿಂತಿತು. ಆದರೆ ಮೂಗು ಕಟ್ಟುತ್ತದೆ, ನುಂಗಿದರೆ ನೋವು, ‘ಅಮ್ಮ’ ಎಂದರೆ ‘ಅಬ್ಬ’ ಎಂದು ಕೇಳುತ್ತದೆ. ಮತ್ತೆ ಆಪರೇಷನ್ ಬೇಕೇ?

ಉತ್ತರ: ಇದಕ್ಕಾಗಿ ಆಪರೇಷನ್ ಬೇಕಾಗಲಿಕ್ಕಿಲ್ಲ. ಲಕ್ಷಣ ನೋಡಿದರೆ ಉಂಡೆ, ಅಂದರೆ ಸ್ಪೀಚ್ ಬಲ್ಬ್, ದೊಡ್ಡದಾಗಿದೆ. ಚಿಕ್ಕದಾಗಿದ್ದರೆ ತೊಂದರೆ ಉಲ್ಟಾ: ‘ಪಾಪ’ ಎಂದದ್ದು ‘ಮಾಮ’ ಎಂದು ಕೇಳುತ್ತಿತ್ತು, ಕಾಫಿ ಮತ್ತೆ ಮೂಗಿಗೇರುತ್ತಿತ್ತು.

ಬಲ್ಬ್ ಗಂಟಲಿನಿಂದ ಮೂಗಿಗೆ ಹೋಗುವ ದಾರಿಯನ್ನು ಸದಾ ಮುಚ್ಚಿರಬಾರದು. ಅದು ಅಲುಗದೆ ನಿಂತಿರುತ್ತದೆ; ನುಂಗುವಾಗ, ‘ಪ’, ‘ಕ’, ‘ಸ’ ನುಡಿಯುವಾಗ ಗಂಟಲ ಗೋಡೆಯ ಸ್ನಾಯುಗಳೇ ಒಳಸರಿದು ಅದಕ್ಕೆ ತಾಗಬೇಕು. ಸ್ನಾಯು ಸಡಿಲಾದಾಗ ಸುತ್ತ ಜಾಗ ಉಳಿಯಬೇಕು. ಮೂಗಿನ ಉಸಿರು, ‘ಮ’, ‘ನ’ ಎಲ್ಲ ಆ ಸಂದಿಯಲ್ಲೇ ಹೋಗುವುದು.

ಪ್ಲೇಟ್ ಮಾಡಿದ ಪ್ರಾಸ್ತೊಡಾಂಟಿಸ್ಟ್ (ಕೃತಕ ಹಲ್ಲು, ಪ್ಲೇಟ್ ಕೂರಿಸುವ ದಂತವೈದ್ಯರು) ಬಳಿ ಹೋಗಿ. ಬಲ್ಬಿಗೆ ಒತ್ತಡ ತೋರಿಸುವ ಪೇಸ್ಟ್ ಹಚ್ಚಿ ತಲೆ ಎಡಬಲ ತಿರುಗಿಸಿ, ಗಲ್ಲ ಎದೆಗೆ ತಾಗಿಸಿ, ನೀರು ನುಂಗಿ, ಮಾತಾಡಿ ನೋಡಬೇಕು. ಪೇಸ್ಟ್ ಅಳಿಸಿಹೋದ ಕಡೆ ಮಾತ್ರ ಸ್ವಲ್ಪಸ್ವಲ್ಪ ತೇಯಬೇಕು. ಗಲ್ಲ ತಗ್ಗಿಸುವುದನ್ನು ಬಿಡುವಂತಿಲ್ಲ: ಆಗ ಕುತ್ತಿಗೆಯ ಮೊದಲ ಮೂಳೆಯ ಉಬ್ಬು ಮುಂದೆ ಬಂದು ಬಲ್ಬಿನ ಹಿಂಬದಿಗೆ ಒತ್ತುತ್ತದೆ, ಹುಣ್ಣಾಗುವುದು ಅಲ್ಲೇ. ಬಲ್ಬ್ ಕೆಳಗಿಳಿದಿದ್ದರೆ ನಾಲಿಗೆಯ ಬುಡ ತಾಗಿ ಓಕರಿಕೆ ಬರುತ್ತದೆ, ತಳಭಾಗವನ್ನೂ ನೋಡಲಿ. ಹೆಚ್ಚು ತೇದುಹೋದರೆ ಮೇಣವನ್ನೋ ಟಿಶ್ಯೂ ಕಂಡೀಷನರನ್ನೋ (ಪ್ಲೇಟಿಗೆ ಹಚ್ಚುವ ಮೆತ್ತನೆಯ ವಸ್ತು) ಸೇರಿಸಿ ಮತ್ತೆ ಅಳತೆ ತೆಗೆಯಬಹುದು. ಮನೆಯಲ್ಲಿ ನೀವೇ ತೇಯಬೇಡಿ.

ಬಲ್ಬ್ ಅಳತೆ ಸರಿಯಿದೆಯೇ ನೋಡಲು ತಣ್ಣನೆಯ ಕನ್ನಡಿಯನ್ನು ಮೂಗಿನ ಕೆಳಗೆ ಹಿಡಿಯಿರಿ. ‘ಪಾಪ’ ಎಂದಾಗ ಮಂಜು ಕಟ್ಟಬಾರದು, ‘ಅಮ್ಮ’ ಎಂದಾಗ ಕಟ್ಟಬೇಕು. ನಿಖರವಾಗಿ ತಿಳಿಯಲು ಮೂಗಿನೊಳಗಿನಿಂದ ಎಂಡೋಸ್ಕೋಪಿ ಬೇಕು. ಜೊತೆಗೆ ಸ್ಪೀಚ್ ಥೆರಪಿಯೂ ಬೇಕು; ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಸಿಗುತ್ತದೆ.

ಹಲ್ಲುಗಳ ಬಗ್ಗೆ ಎಚ್ಚರ. ಬಲ್ಬಿನ ಭಾರ ಹಿಂದೆ ಜಗ್ಗುವುದರಿಂದ ಪ್ಲೇಟ್ ನಿಲ್ಲುವುದೇ ಹಲ್ಲಿಗೆ ಹಾಕಿದ ಕೊಂಡಿಯಿಂದ. ರೇಡಿಯೇಶನ್ ಆದವರಿಗೆ ಜೊಲ್ಲು ಕಡಿಮೆ, ಹಲ್ಲು ಬೇಗ ಹುಳುಕಾಗುತ್ತದೆ. ಕೀಳಿಸಿದರೆ ದವಡೆ ಮೂಳೆ ಕೊಳೆಯುವ ಅಪಾಯವಿದೆ. ಹುಳುಕು ತಡೆಯುವ ಫ್ಲೋರೈಡ್ ಹಚ್ಚುವುದನ್ನು ಬಿಡಬೇಡಿ. ರಾತ್ರಿ ಪ್ಲೇಟ್ ತೆಗೆದು ಬ್ರಷ್‌ನಿಂದ ತೊಳೆದು ತಣ್ಣೀರಿನಲ್ಲಿಡಿ. ಬಿಸಿನೀರಿಗೆ ಪ್ಲೇಟಿನ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಸೊಟ್ಟಗಾಗುತ್ತದೆ.

ಬಲ್ಬ್ ಸರಿಯಾದ ಮೇಲೂ ಕುಡಿಯುವಾಗ ಕೆಮ್ಮು ಬಂದರೆ ನೀರು ಶ್ವಾಸನಾಳಕ್ಕೆ ಹೋಗುತ್ತಿರಬಹುದು. ಅದು ಪ್ಲೇಟಿನಿಂದ ಸರಿಹೋಗುವಂಥದ್ದಲ್ಲ. ನುಂಗುವಿಕೆಯ ಎಕ್ಸ್‌ರೇ ವಿಡಿಯೋ ಪರೀಕ್ಷೆ ಮಾಡಿಸಿ.