ನಿರುದ್ಯೋಗಿಗಳಿಗಾಗಿ ಶುರುವಾದ ಫ್ಲೋರಿಡಾ ಹಡಗು ಕಾಲುವೆ ಅರ್ಧಕ್ಕೇ ನಿಂತದ್ದು ಯಾಕೆ?

ಅಮೆರಿಕದ ಸಂಸತ್ತು ಮುಂದಿನ ಹಣ ಕೊಡಲಿಲ್ಲ, ಅದಕ್ಕೇ. ಅಟ್ಲಾಂಟಿಕ್ ಸಾಗರದಿಂದ ಮೆಕ್ಸಿಕೋ ಕೊಲ್ಲಿಗೆ ಹಡಗುಗಳು ದಾಟಲಿ ಅಂತ ಫ್ಲೋರಿಡಾ ರಾಜ್ಯವನ್ನು ಅಡ್ಡಕ್ಕೆ ಸೀಳಿ ತೋಡಲು ಹೊರಟ ಕಾಲುವೆ ಇದು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗ ಪರಿಹಾರ ನಿಧಿಯಿಂದ 50 ಲಕ್ಷ ಡಾಲರ್ ಕೊಟ್ಟು ಒಕಾಲಾ ಊರಿನ ಹತ್ತಿರ ಅಗೆತ ಶುರು ಮಾಡಿಸಿದರು. ಸಾವಿರಾರು ಜನರಿಗೆ ಕೂಲಿ ಸಿಕ್ಕಿತು. ಆದರೆ ಪೂರ್ತಿ ಕಾಲುವೆಗೆ ಅಂದಾಜು 14 ಕೋಟಿ ಡಾಲರ್ ಬೇಕಿತ್ತು. ನಮ್ಮ ಒಪ್ಪಿಗೆಯೇ ಇಲ್ಲದೆ ಶುರು ಮಾಡಿದ್ದೀರಲ್ಲ ಅಂತ ಸೆನೆಟರ್ ವ್ಯಾಂಡನ್‌ಬರ್ಗ್ ತಿರುಗಿಬಿದ್ದರು. 1936ರಲ್ಲಿ ಕೆಲಸ ನಿಂತಿತು.

ವಿರೋಧ ಬರೀ ರಾಜಕೀಯದ್ದಲ್ಲ. ಕಾಲುವೆಯನ್ನು ಸಮುದ್ರದ ಮಟ್ಟಕ್ಕೇ ತೋಡಬೇಕಿತ್ತು. ಅಲ್ಲಿನ ನೆಲದಡಿ ಸುಣ್ಣಕಲ್ಲು, ಅದರ ತೂತುಗಳ ತುಂಬಾ ಸಿಹಿನೀರು. ಅಷ್ಟು ಆಳಕ್ಕೆ ಸೀಳಿದರೆ ಆ ನೀರು ಬಸಿದುಹೋಗಿ ಉಪ್ಪುನೀರು ಒಳಗೆ ನುಗ್ಗಬಹುದಲ್ವಾ? ದಕ್ಷಿಣ ಫ್ಲೋರಿಡಾದ ಬೆಳೆಗಾರರು ಹೆದರಿದ್ದು ಇದಕ್ಕೇ. ನನ್ನ ಪ್ರಕಾರ ಅದು ಸುಮ್ನೆ ಹುಟ್ಟಿದ ಭಯವಲ್ಲ.