ಬಿಳಿ ಗೆರೆಯೂ ಫ್ಲೋರಿಡಾದ ಕಾನೂನೂ

ಪತ್ರ: ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾದಲ್ಲಿರುವ ನನ್ನ ಮಗ, ಆಕಾಶದ ತುಂಬ ವಿಮಾನಗಳು ಬಿಟ್ಟ ಬಿಳಿ ಗೆರೆಗಳ ಫೋಟೋ ಕಳಿಸಿದ್ದಾನೆ. ಅವು ಗುಟ್ಟಾಗಿ ಸಿಂಪಡಿಸಿದ ರಾಸಾಯನಿಕವಂತೆ, ಅಲ್ಲಿ ಇದನ್ನೆಲ್ಲ ನಿಷೇಧಿಸಿದ್ದಾರಂತೆ. ಏನೂ ಸಿಂಪಡಿಸದಿದ್ದರೆ ನಿಷೇಧ ಏಕೆ? ನಮ್ಮ ರಾಜ್ಯಕ್ಕೂ ಇಂಥ ಕಾನೂನು ಬೇಡವೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಕಾನೂನು ಬಂದಿರುವುದು ನಿಜ. 2024ರಲ್ಲಿ ಅಮೆರಿಕದ ಟೆನ್ನೆಸ್ಸೀ ರಾಜ್ಯ, ಮರುವರ್ಷ ಫ್ಲೋರಿಡಾ. ಹವೆ, ತಾಪಮಾನ, ಬಿಸಿಲು ಬದಲಿಸಲೆಂದೇ ರಾಜ್ಯದ ಗಡಿಯೊಳಗೆ ಗಾಳಿಗೆ ಏನನ್ನೂ ಬಿಡುವಂತಿಲ್ಲ. ಫ್ಲೋರಿಡಾದಲ್ಲಿ ಸಿಕ್ಕಿಬಿದ್ದರೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ಡಾಲರ್‌ವರೆಗೆ ದಂಡ.

ಆದರೆ ನಿಷೇಧವೇ ಸಾಕ್ಷಿ ಎಂಬ ನಿಮ್ಮ ತರ್ಕ ನನಗೆ ಒಪ್ಪಿಗೆಯಿಲ್ಲ. ಜನರ ಅನುಮಾನಕ್ಕೂ ಶಾಸಕರು ಕಾನೂನು ಮಾಡುತ್ತಾರೆ, ಅನುಮಾನಪಡುವವರಿಗೂ ಮತವಿದೆಯಲ್ಲ! 2016ರಲ್ಲಿ ಅಮೆರಿಕದ ಸಂಶೋಧಕರು 77 ತಜ್ಞರನ್ನು ವಿಚಾರಿಸಿದಾಗ, ಗುಟ್ಟಿನ ಸಿಂಪಡಣೆಯ ಸುಳಿವೇ ಕಂಡಿಲ್ಲ ಎಂದವರು 76 ಮಂದಿ. ಫೋಟೋದಲ್ಲಿರುವುದು ಎಂಜಿನ್ ಉಗುಳಿದ ನೀರಾವಿ. ಹತ್ತು ಕಿ.ಮೀ. ಎತ್ತರದ ಕೊರೆಯುವ ಚಳಿಗೆ ಅದು ಹೆಪ್ಪುಗಟ್ಟಿ ಹರಳಾಗುತ್ತದೆ. ಅಲ್ಲಿನ ಗಾಳಿ ಒಣಗಿದ್ದರೆ ಗೆರೆ ನಿಮಿಷಗಳಲ್ಲಿ ಮಾಯ. ತೇವವಿದ್ದರೆ ಗಂಟೆಗಟ್ಟಲೆ ಹರಡಿಕೊಂಡು ನಿಲ್ಲುತ್ತದೆ.

ಈ ಗಲಾಟೆಯಲ್ಲಿ ಅಸಲು ಪ್ರಶ್ನೆ ಮುಚ್ಚಿಹೋಯಿತು ಎಂಬುದೇ ನನ್ನ ತಕರಾರು. ಬಿಸಿಲು ತಗ್ಗಿಸುವುದು ಕಟ್ಟುಕಥೆಯಲ್ಲ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟುಬೊ ಜ್ವಾಲಾಮುಖಿ ಸುಮಾರು 1.5 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಅನಿಲ ಕಾರಿದಾಗ, ಅದರಿಂದ ಹುಟ್ಟಿದ ಗಂಧಕದ ಕಣಗಳು ಬಿಸಿಲನ್ನು ತಡೆದು ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಯಿತು. ಮರುವರ್ಷ ನೆಲದ ಮೇಲಿನ ಮಳೆಯೂ ಕುಗ್ಗಿತು. ಇದನ್ನೇ ಮನುಷ್ಯ ಮಾಡಿದರೆ ಹೇಗೆ ಎನ್ನುವವರಿದ್ದಾರೆ. 2022ರಲ್ಲಿ ಮೇಕ್ ಸನ್‌ಸೆಟ್ಸ್ ಎಂಬ ಅಮೆರಿಕದ ಪುಟ್ಟ ಕಂಪನಿ ಮೆಕ್ಸಿಕೋದ ನೆಲದಿಂದ, ಅನುಮತಿಯನ್ನೇ ಕೇಳದೆ, ಇದೇ ಅನಿಲ ತುಂಬಿದ ಬಲೂನು ಹಾರಿಸಿತು. ಕೆಲವೇ ಗ್ರಾಂ ಇದ್ದೀತು. ಆದರೂ ಮೆಕ್ಸಿಕೋ ಸುಮ್ಮನಿರದೆ ನಿಷೇಧ ಘೋಷಿಸಿತು, ಸರಿಯಾಗಿಯೇ ಮಾಡಿತು. ವಾಯುಮಂಡಲದ ಮೇಲ್ಪದರ ಸೇರಿದ ಗಂಧಕದ ಕಣಗಳು ಒಂದೆರಡು ವರ್ಷ ಲೋಕವನ್ನೇ ಸುತ್ತುತ್ತವೆ. ಯಾರೋ ಎಲ್ಲೋ ಬಿಟ್ಟದ್ದನ್ನು ಟೆನ್ನೆಸ್ಸೀ ಪೊಲೀಸರು ಗಡಿಯಲ್ಲಿ ತಡೆಯುವುದುಂಟೇ?

ಇನ್ನು ನಮ್ಮ ರಾಜ್ಯದ ಮಾತು. ಫ್ಲೋರಿಡಾದ ಕಾನೂನನ್ನು ಹಾಗೇ ಇಳಿಸಿಕೊಂಡರೆ, ಮಳೆಗಾಗಿ ಮೋಡಕ್ಕೆ ರಾಸಾಯನಿಕ ಚೆಲ್ಲಲು 2017ರಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಹಾರಿದ ಸರ್ಕಾರದ ‘ವರ್ಷಧಾರಿ’ಯ ಮೋಡಬಿತ್ತನೆಯಂಥದ್ದೂ ಅಪರಾಧ. (ಅದರಿಂದ ಎಷ್ಟು ಮಳೆ ಬಂತು ಎಂಬುದು ಬೇರೆಯೇ ಜಗಳ.) ಮೋಡಬಿತ್ತನೆಯ ಪರಿಣಾಮ ಏನಿದ್ದರೂ ಆ ಮೋಡದ ಆಯುಷ್ಯದಷ್ಟು, ಬಿಸಿಲಿಗೇ ಕೈಹಾಕಿದರೆ ಮುಂಗಾರೇ ಏರುಪೇರಾದೀತು. ಎರಡಕ್ಕೂ ಒಂದೇ ಕಲಂ ಹಾಕುವುದು ಅವಿವೇಕ. ಮುಂಗಾರು ನಂಬಿದ ನಮಗೆ ಬೇಕಿರುವುದು ದೇಶದೇಶಗಳ ನಡುವಿನ ಒಪ್ಪಂದ. 2024ರಲ್ಲಿ ನೈರೋಬಿಯ ವಿಶ್ವಸಂಸ್ಥೆ ಪರಿಸರ ಸಭೆಗೆ ಸ್ವಿಟ್ಜರ್ಲೆಂಡ್ ಬಿಸಿಲು ತಗ್ಗಿಸುವ ಬಗ್ಗೆ ತಂದ ನಿರ್ಣಯ ಒಮ್ಮತ ಸಿಗದೆ ವಾಪಸಾಯಿತು. ಹಾಗಾಗಿ ನಿಮ್ಮ ಪತ್ರದ ಒಂದು ಪ್ರತಿಯನ್ನು ನಿಮ್ಮ ಶಾಸಕರಿಗಲ್ಲ, ಸಂಸದರಿಗೆ ಕಳಿಸಿ. ಉತ್ತರ ಬಂದರೆ ನಮಗೂ ತಿಳಿಸಿ, ಅಚ್ಚು ಹಾಕುತ್ತೇವೆ.

– ಸಂ.